ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಎಸೆಯುತ್ತಾರೆ, ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಓಡುವವನ ಮೇಲೆ ಎದುರಿನವರು ನಾಲ್ಕಾರು ಮಂದಿ ಬಿದ್ದು ನೆಲಕ್ಕೆ ಕೆಡಹುತ್ತಾರೆ. ನಮ್ಮ ಕಬಡ್ಡಿಗೂ ಕುಸ್ತಿಗೂ ಗಂಟುಹಾಕಿ, ಆಡುವವರಿಗೆಲ್ಲ ಹೆಲ್ಮೆಟ್ ತೊಡಿಸಿ, ನಡುವೆ ಒಂದು ಚೆಂಡು ಬಿಟ್ಟರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಈ ಆಟ ಸೆಪ್ಟೆಂಬರಿನಲ್ಲಿ ಆರಂಭವಾಗಿ ಫೆಬ್ರುವರಿಯ ಸೂಪರ್ ಬೌಲ್ ಎಂಬ ಫೈನಲ್‌ನೊಂದಿಗೆ ಮುಗಿಯುತ್ತದೆ. ಆಮೇಲೆ ಆರು ತಿಂಗಳು ಮೈದಾನಕ್ಕೆ ಬೀಗ. ಆದರೆ ಅಭಿಮಾನಿಗಳ ಬಾಯಿಗೆ ಬೀಗವಿಲ್ಲ. ನಿಜ ಹೇಳಬೇಕೆಂದರೆ ಅವರಲ್ಲಿ ಅನೇಕರಿಗೆ ಅಸಲು ಆಟ ಶುರುವಾಗುವುದೇ ಮಾರ್ಚಿಯಲ್ಲಿ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕೈಬಿಡಬೇಕು, ಕೈಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕದ ಆಟ.

ಎಷ್ಟು ಉಳಿಯುತ್ತದೆ ಎಂದರೆ ಯಾರಿಗೆ ಉಳಿಯುತ್ತದೆ? ತಂಡದ ಮಾಲೀಕನಿಗೆ. ಅಭಿಮಾನಿಯ ಜೇಬಿಗೆ ಒಂದು ಸೆಂಟೂ ಬರುವುದಿಲ್ಲ. ಟಿಕೆಟ್ಟಿನ ಬೆಲೆಯೂ ಇಳಿಯುವುದಿಲ್ಲ. ಹಾಗಿದ್ದೂ ಅಂಗಡಿಯಲ್ಲಿ ಸಾಮಾನು ಕಟ್ಟುವ ಹುಡುಗನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಎಲ್ಲರೂ ತಮ್ಮದೇ ಮನೆಯ ಖರ್ಚಿನ ಪಟ್ಟಿಯೆಂಬಂತೆ ಇದನ್ನು ಹಿಡಿದು ಕೂತಿರುತ್ತಾರೆ. 2024ರ ಜನವರಿಯಿಂದ ಜುಲೈವರೆಗೆ ನಾನು ಕೊಲರಾಡೊ ರಾಜ್ಯದ ಡೆನ್ವರ್ ಊರಿನಲ್ಲಿ ಮಗಳ ಮನೆಯಲ್ಲಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ಆಟ ನನಗೆ ಕೊನೆಯವರೆಗೂ ಪೂರ್ತಿ ಅರ್ಥವಾಗಲಿಲ್ಲ. ಲೆಕ್ಕ ಮಾತ್ರ ಒಂದೇ ವಾರದಲ್ಲಿ ಅರ್ಥವಾಯಿತು. ಹೇಳಿಕೊಟ್ಟ ಮೇಷ್ಟ್ರು ಹದಿಮೂರು ವರ್ಷದ ನನ್ನ ಮೊಮ್ಮಗ.

ಮೊದಲು ಈ ಲೆಕ್ಕ ಹುಟ್ಟಿದ ಕಥೆ. ಅಲ್ಲಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಆಟಗಾರರು ಒಪ್ಪಂದ ಮುಗಿದ ಮೇಲೆ ತಮಗಿಷ್ಟವಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿ, 1993ರಲ್ಲಿ ಅದನ್ನು ಪಡೆದರು. ಅದಕ್ಕೆ ಪ್ರತಿಯಾಗಿ ಮಾಲೀಕರು ಒಂದು ಷರತ್ತು ಹಾಕಿದರು: ಒಂದು ತಂಡ ವರ್ಷಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಸಂಬಳ ಕೊಡುವಂತಿಲ್ಲ. ಅದೇ ಸಂಬಳದ ಮಿತಿ, ಅವರ ಬಾಯಲ್ಲಿ ‘ಸ್ಯಾಲರಿ ಕ್ಯಾಪ್’. 1994ರಲ್ಲಿ ಅದು ತಂಡಕ್ಕೆ 3.46 ಕೋಟಿ ಡಾಲರ್ ಇತ್ತು. 2024ರಲ್ಲಿ 25.54 ಕೋಟಿ ಡಾಲರ್. ಕೊರೊನಾ ಕಾಲದಲ್ಲಿ ಕ್ರೀಡಾಂಗಣಗಳು ಖಾಲಿ ಬಿದ್ದಾಗ 19.82 ಕೋಟಿಯಿಂದ 18.25 ಕೋಟಿಗೆ ಇಳಿಯಿತು. ಆ 2021ರ ವಸಂತದಲ್ಲಿ ಎಷ್ಟೋ ಹಳೆಯ ಆಟಗಾರರು ಮನೆಗೆ ಹೋದರು.

ಈ ಮಿತಿ ಗಟ್ಟಿಯಾದ ಗೋಡೆ. ಬೇಸ್‌ಬಾಲ್‌ನಲ್ಲಿ ದಂಡ ಕಟ್ಟಿ ದಾಟಬಹುದು, ಇಲ್ಲಿ ದಾಟುವಂತಿಲ್ಲ. ಡೆನ್ವರ್ ತಂಡದ ಹೆಸರು ಬ್ರಾಂಕೋಸ್, ಎಂದರೆ ಪಳಗದ ಕುದುರೆಗಳು. ಅದನ್ನು 2022ರಲ್ಲಿ ವಾಲ್‌ಮಾರ್ಟ್ ಮನೆತನದವರು 465 ಕೋಟಿ ಡಾಲರ್ ಕೊಟ್ಟು ಕೊಂಡರು. ಅಷ್ಟು ದೊಡ್ಡ ಕುಳಗಳೂ ಒಬ್ಬ ಆಟಗಾರನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆ ಮಾಡಲೇಬೇಕು. ವಿಸ್ಕಾನ್‌ಸಿನ್ ರಾಜ್ಯದ ಗ್ರೀನ್ ಬೇ ನಮ್ಮ ಒಂದು ಜಿಲ್ಲಾ ಕೇಂದ್ರದಷ್ಟಿರುವ ಊರು. ಅಲ್ಲಿನ ತಂಡಕ್ಕೆ ಒಬ್ಬ ಮಾಲೀಕನೇ ಇಲ್ಲ, ಐದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಷೇರುದಾರರು. ಆ ತಂಡಕ್ಕೂ ನ್ಯೂಯಾರ್ಕ್ ತಂಡಕ್ಕೂ ಒಂದೇ ಮಿತಿ. ಒಳ್ಳೆಯ ವ್ಯವಸ್ಥೆ ಎಂದೇ ನನಗನ್ನಿಸಿತು. ಹಣವಿದ್ದವನೇ ಪ್ರತಿವರ್ಷ ಗೆಲ್ಲುವ ಆಟವನ್ನು ಯಾರು ತಾನೆ ನೋಡುತ್ತಾರೆ?

ಆದರೆ ಮಿತಿ ಬಂದ ಕೂಡಲೇ ಅಭಿಮಾನಿ ಗುಮಾಸ್ತನಾದ. ಹಿಂದೆ ‘ಅವನು ಚೆನ್ನಾಗಿ ಆಡುತ್ತಾನೋ ಇಲ್ಲವೋ’ ಎಂದು ವಾದಿಸುತ್ತಿದ್ದವರು ಈಗ ‘ಅವನು ಕೊಡುವ ಸಂಬಳಕ್ಕೆ ತಕ್ಕ ಹಾಗೆ ಆಡುತ್ತಾನೋ ಇಲ್ಲವೋ’ ಎಂದು ವಾದಿಸತೊಡಗಿದರು. ಎರಡೂ ಒಂದೇ ಪ್ರಶ್ನೆಯಂತೆ ಕೇಳಿಸುತ್ತದೆ, ಒಂದೇ ಅಲ್ಲ.

ನನ್ನ ಮೊಮ್ಮಗನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಶಾಲೆಯಲ್ಲಿ ಭಿನ್ನರಾಶಿ ಎಂದರೆ ಹೊಟ್ಟೆನೋವು ಬರುವ ಹುಡುಗ ಅವನು. ಮಗಳು ಫೋನಿನಲ್ಲಿ ಎಷ್ಟೋ ಸಲ ಗೋಳು ತೋಡಿಕೊಂಡಿದ್ದಳು. ನಾನು ಹೋದ ಎರಡನೇ ವಾರ ಆ ಪುಸ್ತಕ ತೆರೆದು ನೋಡುತ್ತೇನೆ, ಪುಟದ ತುಂಬ ಕಂಬಸಾಲು ಅಂಕಿಗಳು. ಆಟಗಾರನ ಹೆಸರು, ಈ ವರ್ಷದ ಭಾರ, ಕೈಬಿಟ್ಟರೆ ಉಳಿತಾಯ, ಕೈಬಿಟ್ಟರೂ ತಪ್ಪದ ಹೊರೆ. ಕೂಡುವುದು ಕಳೆಯುವುದರಲ್ಲಿ ಒಂದೂ ತಪ್ಪಿಲ್ಲ.

“ಇದೇನೋ ಪುಟ್ಟ, ಸತ್ತ ಹಣ ಅಂತ ಬರೆದಿದ್ದೀಯ?” ಎಂದೆ.

“ಡೆಡ್ ಮನಿ ತಾತ. ಕೂತ್ಕೊಳ್ಳಿ, ಹೇಳ್ತೀನಿ” ಎಂದು ಕುರ್ಚಿ ಎಳೆದ.

ಅವನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮನೆಯಲ್ಲಿ ಲೆಕ್ಕವೆಂದರೆ ಓಡುವ ಮಕ್ಕಳಿದ್ದರೆ ಕೊಟ್ಟು ನೋಡಬಹುದು. ಒಬ್ಬ ಆಟಗಾರನಿಗೆ ಐದು ವರ್ಷದ ಒಪ್ಪಂದ ಎನ್ನಿ. ಸಹಿ ಹಾಕಿದ ದಿನವೇ ಅವನ ಕೈಗೆ ಒಂದು ಕೋಟಿ ಡಾಲರ್ ಬೋನಸ್ ಬಂತು. ಹಣ ಹೋದದ್ದು ಒಂದೇ ದಿನ. ಆದರೆ ಮಿತಿಯ ಪುಸ್ತಕದಲ್ಲಿ ಅದನ್ನು ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ 20 ಲಕ್ಷದಂತೆ ಬರೆಯಲು ಬಿಡುತ್ತಾರೆ. ಎರಡು ವರ್ಷವಾದ ಮೇಲೆ ತಂಡಕ್ಕೆ ಅವನು ಬೇಡವಾದ. ಮೂರನೇ ವರ್ಷದ ಅವನ ಸಂಬಳ 80 ಲಕ್ಷ. ಬೋನಸ್ಸಿನ ಪಾಲು 20 ಲಕ್ಷ ಸೇರಿದರೆ ಭಾರ ಒಂದು ಕೋಟಿ. ಅವನನ್ನು ಕೈಬಿಟ್ಟರೆ ಎಷ್ಟು ಉಳಿಯುತ್ತದೆ? ಒಂದು ಕೋಟಿ ಎಂದರೆ ಸೊನ್ನೆ ಅಂಕ. ಪುಸ್ತಕದಲ್ಲಿ ಬರೆಯದೆ ಉಳಿದಿದ್ದ ಮೂರು ವರ್ಷದ ಬೋನಸ್ ಪಾಲು, 60 ಲಕ್ಷ, ಒಟ್ಟಿಗೆ ಈ ವರ್ಷದ ತಲೆಯ ಮೇಲೆ ಬೀಳುತ್ತದೆ. ಅದೇ ಸತ್ತ ಹಣ. ಉಳಿಯುವುದು 40 ಲಕ್ಷ ಮಾತ್ರ. ಜೂನ್ 1ರ ನಂತರ ಕೈಬಿಟ್ಟಂತೆ ಬರೆದುಕೊಂಡರೆ ಈ ವರ್ಷ 20 ಲಕ್ಷ, ಮುಂದಿನ ವರ್ಷ 40 ಲಕ್ಷ. ಆಗ ಈ ವರ್ಷ 80 ಲಕ್ಷ ಉಳಿಯುತ್ತದೆ. ಆದರೆ ಹಾಗೆ ಮಾರ್ಚಿಯಲ್ಲೇ ಬರೆದುಕೊಳ್ಳಲು ವರ್ಷಕ್ಕೆ ಇಬ್ಬರಿಗೆ ಮಾತ್ರ ಅವಕಾಶ.

ಇಷ್ಟು ಹೇಳಿ ಅವನು, “ಈಗ ತಾತ, ಸಂಬಳ ಇಪ್ಪತ್ತು ಲಕ್ಷ ಇದ್ರೆ?” ಎಂದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಭಾರ 40, ಸತ್ತದ್ದು 60. ಕೈಬಿಟ್ಟರೆ 20 ಲಕ್ಷ ನಷ್ಟ. “ಹಾಗಾದರೆ ಅವನನ್ನು ತೆಗೆಯೋಕೆ ಆಗಲ್ಲ” ಎಂದೆ. “ಕರೆಕ್ಟ್! ಚೆನ್ನಾಗಿ ಆಡದಿದ್ರೂ ಅವನು ಸೇಫ್” ಎಂದು ನನ್ನ ಬೆನ್ನು ತಟ್ಟಿದ. ಋಣ ಸಂಖ್ಯೆಯನ್ನು ಕಲಿಸಲು ನಾನು ಕರಿಹಲಗೆಯ ಮೇಲೆ ಎಷ್ಟು ವರ್ಷ ಸಾಲ, ಬಾವಿ, ಕಪ್ಪೆ ಎಂದು ಒದ್ದಾಡಿದ್ದೆ! ಇಷ್ಟು ಒಳ್ಳೆಯ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಆ ವರ್ಷ ಡೆನ್ವರಿನಲ್ಲಿ ವಾದಕ್ಕೆ ವಸ್ತು ಹುಡುಕಬೇಕಾಗಿರಲಿಲ್ಲ. ಚೆಂಡು ಎಸೆಯುವ ಮುಖ್ಯ ಆಟಗಾರನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ರಸೆಲ್ ವಿಲ್ಸನ್ ಎಂಬ ಹೆಸರಾಂತ ಕ್ವಾರ್ಟರ್‌ಬ್ಯಾಕನ್ನು 2022ರಲ್ಲಿ ಸಿಯಾಟಲ್ ತಂಡದಿಂದ ತಂದಿದ್ದರು. ಮೂವರು ಆಟಗಾರರನ್ನೂ, ಮುಂದಿನ ವರ್ಷಗಳಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಬೆಲೆಬಾಳುವ ಸರದಿಗಳನ್ನೂ ಕೊಟ್ಟು ತಂದದ್ದು. ಒಂದು ಪಂದ್ಯ ಆಡುವ ಮೊದಲೇ 24.5 ಕೋಟಿ ಡಾಲರಿನ ಐದು ವರ್ಷದ ಹೊಸ ಒಪ್ಪಂದ ಮಾಡಿಕೊಂಡರು. ಮದುವೆ ಮಾತು ಮುಗಿಯುವ ಮೊದಲೇ ಮನೆ ಬರೆದುಕೊಟ್ಟ ಹಾಗೆ. ಅವನು ಆಡಿದ 30 ಪಂದ್ಯಗಳಲ್ಲಿ ತಂಡ ಗೆದ್ದದ್ದು 11. ಮಾರ್ಚ್ 17ರವರೆಗೆ ಅವನು ತಂಡದಲ್ಲಿ ಉಳಿದರೆ 2025ರ 3.7 ಕೋಟಿ ಸಂಬಳವೂ ಖಾತರಿಯಾಗುತ್ತಿತ್ತು. ಬಿಟ್ಟರೆ ಎರಡು ವರ್ಷದಲ್ಲಿ 8.5 ಕೋಟಿ ಡಾಲರ್ ಸತ್ತ ಹಣ. ಲೀಗಿನ ಚರಿತ್ರೆಯಲ್ಲೇ ಅದುವರೆಗೆ ಅಷ್ಟು ದೊಡ್ಡ ಮೊತ್ತ ಯಾರ ತಲೆಗೂ ಬಿದ್ದಿರಲಿಲ್ಲ.

ಬಿಟ್ಟರು. ಮಾರ್ಚ್ 4ರಂದು ಹಾಗೆಂದು ಪ್ರಕಟಿಸಿದರು. ಲೀಗಿನ ಹೊಸ ಲೆಕ್ಕದ ವರ್ಷ ಆರಂಭವಾದದ್ದು 13ರಂದು. ಆ ಸಂಜೆಯಿಂದ ಡೆನ್ವರಿನಲ್ಲಿ ಹಿಮ ಸುರಿಯಿತು ನೋಡಿ, ಶಾಲೆಗೆಲ್ಲ ರಜೆ. ಮನೆಯ ಮುಂದಿನ ಹಿಮ ಸಲಿಕೆಯಲ್ಲಿ ಎತ್ತಿಹಾಕುತ್ತ ಅಳಿಯನೂ ಪಕ್ಕದ ಮನೆಯ ಹಿರಿಯರೂ ಬೇಲಿಯ ಎರಡು ಕಡೆ ನಿಂತು ಮಾತಾಡಿದ್ದು ವಿಲ್ಸನ್ ಬಗ್ಗೆಯೇ. ಅವನಿಗೆ 2024ಕ್ಕೆ 3.9 ಕೋಟಿ ಡಾಲರ್ ಸಿಗಲೇಬೇಕಿತ್ತು. ಪಿಟ್ಸ್‌ಬರ್ಗ್ ತಂಡ ಅವನನ್ನು ಬರೇ 12.1 ಲಕ್ಷಕ್ಕೆ ಸೇರಿಸಿಕೊಂಡಿತು. ಉಳಿದದ್ದನ್ನು ಡೆನ್ವರ್ ಕಟ್ಟಿಕೊಡಬೇಕು. ಎಂದರೆ ಎದುರಾಳಿ ತಂಡದಲ್ಲಿ ಆಡುವವನಿಗೆ ಇವರು ಸಂಬಳ ಕೊಡುವುದು. “ಮಾವ, ಮನೆ ಬಿಟ್ಟು ಹೋದ ಬಾಡಿಗೆದಾರನ ಹೊಸ ಮನೆ ಬಾಡಿಗೆ ನಾವು ಕಟ್ಟಿದ ಹಾಗೆ ಇದು” ಎಂದ ಅಳಿಯ. ನನಗೆ ನಗು ಬಂತು. ಅವನಿಗೆ ನಗು ಬಂದಿರಲಿಲ್ಲ.

ವಿಲ್ಸನ್ ಹೋದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಕಣ್ಣೀರು ಹಾಕಲಿಲ್ಲ. ಕಣ್ಣೀರು ಬಂದದ್ದು ಅದರ ನಡುವೆ, ಮಾರ್ಚ್ 7ರಂದು. ಜಸ್ಟಿನ್ ಸಿಮನ್ಸ್ ಎಂಬವನು ಡೆನ್ವರ್ ತಂಡದಲ್ಲಿ ಎಂಟು ಹಂಗಾಮು ಆಡಿದ ರಕ್ಷಣಾ ಆಟಗಾರ. ಎದುರಾಳಿ ಎಸೆದ ಚೆಂಡನ್ನು ನಡುವೆಯೇ 30 ಸಲ ಕಸಿದವನು. ಊರಿನ ಬಡಮಕ್ಕಳಿಗಾಗಿ ದುಡಿದವನೆಂದು ಹೆಸರು. ಅವನ 31ನೇ ನಂಬರಿನ ಅಂಗಿ ಮೊಮ್ಮಗನ ಮೈಮೇಲೆ ವಾರದಲ್ಲಿ ನಾಲ್ಕು ದಿನ ಇರುತ್ತಿತ್ತು. ಸಿಮನ್ಸ್‌ನ ಭಾರ 1.825 ಕೋಟಿ ಡಾಲರ್, ಸತ್ತ ಹಣ 37.5 ಲಕ್ಷ, ಉಳಿತಾಯ 1.45 ಕೋಟಿ. ಅವನನ್ನು ಕೈಬಿಟ್ಟ ಸುದ್ದಿ ಶಾಲೆಯಲ್ಲೇ ಹುಡುಗನಿಗೆ ಗೊತ್ತಾಗಿ, ಮನೆಗೆ ಬಂದವನು ಚೀಲ ಎಸೆದು ಕೋಣೆ ಸೇರಿದ. ರಾತ್ರಿ ಊಟಕ್ಕೆ ಬರಲಿಲ್ಲ.

ಮಗಳು ಅವನ ನೋಟ್‌ಬುಕ್ ತೆರೆದು ನನಗೆ ತೋರಿಸಿದಳು. ಫೆಬ್ರುವರಿಯ ಪುಟದಲ್ಲಿ, ಕೈಬಿಡಬೇಕಾದವರ ಪಟ್ಟಿಯಲ್ಲಿ ಎರಡನೆಯ ಹೆಸರೇ ಸಿಮನ್ಸ್‌ನದು. ಎದುರಿಗೆ 1.45 ಎಂದು ಬರೆದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಅವಳು ಕೇಳಿಯೇಬಿಟ್ಟಳು. “ನೀನೇ ತಾನೇ ಬರೆದಿದ್ದು, ತೆಗೀಬೇಕು ಅಂತ? ಈಗ ಅಳೋದ್ಯಾಕೆ?”

“ಅದು ಲೆಕ್ಕ ಅಮ್ಮ. ಇದು ಜಸ್ಟಿನ್” ಎಂದ ಹುಡುಗ.

ಇದನ್ನು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ದೊಡ್ಡವರ ವಾದಗಳನ್ನೂ ಆ ಕಿವಿಯಿಂದಲೇ ಕೇಳತೊಡಗಿದೆ. ಅಭಿಮಾನಿಗಳು ಕಟುಕರು ಎಂದು ಹೇಳುವುದು ಸುಲಭ. ಆದರೆ ಅವರ ಎದೆಯಲ್ಲಿ ಎರಡು ಖಾತೆಗಳಿರುತ್ತವೆ, ಒಂದರ ಬಾಕಿ ಇನ್ನೊಂದಕ್ಕೆ ಸಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಮೂರು ಸೂಪರ್ ಬೌಲ್ ಗೆದ್ದುಕೊಟ್ಟ ಜೆರಿ ರೈಸ್‌ನನ್ನು 16 ವರ್ಷದ ನಂತರ 2001ರಲ್ಲಿ ಬಿಟ್ಟದ್ದು ಇದೇ ಮಿತಿಯ ಇಕ್ಕಟ್ಟಿನಿಂದ. ಎಮಿಟ್ ಸ್ಮಿತ್ 2002ರಲ್ಲಿ ಚೆಂಡು ಹಿಡಿದು ಓಡಿದ ದೂರದ ಸಾರ್ವಕಾಲಿಕ ದಾಖಲೆ ಮಾಡಿದ. 2003ರ ಫೆಬ್ರುವರಿಯಲ್ಲಿ ಡಲ್ಲಾಸ್ ತಂಡ ಅವನನ್ನು ಕಳಿಸಿತು. ಇಂಡಿಯಾನಾಪೊಲಿಸ್‌ನಲ್ಲಿ 14 ವರ್ಷವಿದ್ದ ಪೇಟನ್ ಮ್ಯಾನಿಂಗ್‌ಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆಗಳಾಗಿ ಒಂದು ಇಡೀ ಹಂಗಾಮು ಆಡಲಾಗಲಿಲ್ಲ. 2.8 ಕೋಟಿ ಡಾಲರ್ ಬೋನಸ್ ಕೊಡಬೇಕಾದ ಗಡುವಿಗೆ ಸರಿಯಾಗಿ, 2012ರ ಮಾರ್ಚ್ 7ರಂದು ಅವನನ್ನು ಬಿಟ್ಟರು. ಪತ್ರಿಕಾಗೋಷ್ಠಿಯಲ್ಲಿ ಮ್ಯಾನಿಂಗ್‌ನ ಗಂಟಲು ಕಟ್ಟಿತ್ತು. ಈಗ ಅದೇ ಊರಿನ ಕ್ರೀಡಾಂಗಣದ ಹೊರಗೆ ಅವನ ಕಂಚಿನ ಪ್ರತಿಮೆ ನಿಂತಿದೆ.

ಬಿಟ್ಟ ಮ್ಯಾನಿಂಗ್ ಬಂದದ್ದು ಡೆನ್ವರಿಗೆ. ಡಲ್ಲಾಸ್ 2014ರಲ್ಲಿ ಬಿಟ್ಟ ಡೆಮಾರ್ಕಸ್ ವೇರ್ ಕೂಡ ಬಂದ. ಇಬ್ಬರೂ ಇದ್ದ ಡೆನ್ವರ್ ತಂಡ 2016ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ಪಕ್ಕದ ಮನೆಯ ಹಿರಿಯರು ಇದನ್ನು ಹೇಳುವಾಗ ಒಂದು ಕಣ್ಣು ಚಿಕ್ಕದು ಮಾಡುತ್ತಿದ್ದರು. ಊರೂರಿನವರು ಬೇಡವೆಂದು ಬಿಟ್ಟವರನ್ನು ಕಟ್ಟಿಕೊಂಡು ತಾವು ಕಪ್ ಗೆದ್ದವರು, ಹಾಗಾಗಿ ಕೈಬಿಡುವುದನ್ನು ಬಯ್ಯುವ ಹಕ್ಕು ಡೆನ್ವರಿನವರಿಗೆ ಇಲ್ಲ ಎಂಬುದು ಅವರ ವಾದ. ಅವರು ಹೇಳದೆ ಬಿಟ್ಟ ಮಾತೊಂದನ್ನು ಮೊಮ್ಮಗ ಆಮೇಲೆ ಪಿಸುಗುಟ್ಟಿದ: 1996ರಿಂದ 98ರವರೆಗಿನ ಸಂಬಳಗಳ ಲೆಕ್ಕದಲ್ಲಿ ಮಿತಿಯ ನಿಯಮ ಮುರಿದದ್ದಕ್ಕೆ ಇದೇ ತಂಡಕ್ಕೆ ಆಮೇಲೆ ಎರಡು ಸಲ ದಂಡ ಬಿದ್ದಿತ್ತು. ಆ ಕಾಲದಲ್ಲೇ ಅದು ಸತತ ಎರಡು ಸೂಪರ್ ಬೌಲ್ ಗೆದ್ದದ್ದು. ಅಲ್ಲಿಯವರು ಆ ಎರಡು ಸಂಗತಿಯನ್ನು ಒಂದೇ ಉಸಿರಿನಲ್ಲಿ ಹೇಳುವುದಿಲ್ಲ.

ಏಪ್ರಿಲ್‌ನಲ್ಲಿ ಯುಗಾದಿ. ಅಲ್ಲಿನ ಕನ್ನಡದವರು ವಾರದ ಕೊನೆಯಲ್ಲಿ ಒಂದು ಸಭಾಂಗಣ ಹಿಡಿದು ಹೋಳಿಗೆ ಊಟ ಇಟ್ಟುಕೊಂಡಿದ್ದರು. ಬೇವುಬೆಲ್ಲ ಹಂಚಿ, ಪಂಚಾಂಗ ಓದಿ, ಮಕ್ಕಳ ಕೋಲಾಟ ಮುಗಿದ ಮೇಲೆ ಗಂಡಸರು ಎಂದಿನಂತೆ ಒಂದು ಮೂಲೆ ಸೇರಿದರು. ಮಾತು ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಇನ್ನೂ ಯಾರನ್ನು ಬಿಡಬಹುದು, ಎಷ್ಟು ಉಳಿಯುತ್ತದೆ, ಆ ತಿಂಗಳ ಕೊನೆಗೆ ಕಾಲೇಜು ಹುಡುಗರ ಆಯ್ಕೆಯಲ್ಲಿ ಯಾರನ್ನು ತೆಗೆದುಕೊಳ್ಳಬೇಕು. ಹಾಸನದವನೊಬ್ಬ, ಹುಬ್ಬಳ್ಳಿಯವನೊಬ್ಬ, ಬೆಂಗಳೂರಿನ ಮೂವರು. ಎಲ್ಲರಿಗೂ ಒಬ್ಬೊಬ್ಬನ ಭಾರ ಬಾಯಿಪಾಠ.

ಆ ಚಳಿಗಾಲ, ವಸಂತದಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಗಳಲ್ಲಿ ಜನರನ್ನು ಮನೆಗೆ ಕಳಿಸುವುದು ನಡೆದೇ ಇತ್ತು. ಅಳಿಯನ ಕಚೇರಿಯಲ್ಲೂ ಒಂದು ಸುತ್ತು ಆಗಿತ್ತು. ಅವನ ಹೆಸರು ಪಟ್ಟಿಯಲ್ಲಿರಲಿಲ್ಲ. ಆ ಮೂಲೆಯಲ್ಲಿ ಎಲ್ಲರಿಗಿಂತ ಜೋರಾಗಿ ‘ಬಿಟ್ಟುಬಿಡಬೇಕು’ ಎಂದು ವಾದಿಸುತ್ತಿದ್ದ ಒಬ್ಬ ತರುಣನ ಹೆಸರು ಅವನ ಕಂಪನಿಯ ಪಟ್ಟಿಯಲ್ಲಿತ್ತು. ಹೀಗೆ ಕೆಲಸ ಹೋದ ವೀಸಾದವರಿಗೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಅಲ್ಲಿ ಹೆಚ್ಚೆಂದರೆ 60 ದಿನ. ಅವನಿಗೆ ಆಗ 22 ದಿನ ಕಳೆದಿತ್ತು. ಹೆಂಡತಿ, ಎರಡು ವರ್ಷದ ಮಗು. ಅಳಿಯ ಇದನ್ನು ನನ್ನ ಕಿವಿಯಲ್ಲಿ ಹೇಳಿದಾಗ ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಕೈತೊಳೆಯುವ ಕಡೆ ಅವನು ಸಿಕ್ಕ. ಮೇಷ್ಟರ ಹಳೇ ಚಾಳಿ, ಕೇಳಿದೆ. “ಅಲ್ಲಪ್ಪ, ನಿನ್ನ ಈ ಪರಿಸ್ಥಿತಿಯಲ್ಲಿ ಇನ್ನೊಬ್ಬರನ್ನು ತೆಗೆಯುವ ಮಾತಾಡೋಕೆ ಹೇಗೆ ಮನಸ್ಸು ಬರುತ್ತೆ?”

ಅವನಿಗೆ ಬೇಸರವಾಗಲಿಲ್ಲ. “ಸರ್, ವಿಲ್ಸನ್‌ನನ್ನು ಯಾಕೆ ತೆಗೆದರು ಅಂತ ನಿಮ್ಮ ಮೊಮ್ಮಗನಿಗೂ ಗೊತ್ತು. ಎಷ್ಟು ಉಳಿಯಿತು, ಎಷ್ಟು ನಷ್ಟ, ಸರಿಯೋ ತಪ್ಪೋ ಅಂತ ಊರೆಲ್ಲ ವಾದ ಮಾಡುತ್ತೆ. ನನ್ನನ್ನು ಯಾಕೆ ತೆಗೆದರು ಅಂತ ನನಗೇ ಗೊತ್ತಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲಿಲ್ಲ, ಅಷ್ಟೇ” ಎಂದ. ಒಂದು ಕ್ಷಣ ಬಿಟ್ಟು, “ಇಲ್ಲಿ ಕೂತು ಮಾತಾಡುವಾಗ ಲೆಕ್ಕ ಸರಿಹೋಗುತ್ತೆ ಸರ್. ಅದೊಂದು ಸಮಾಧಾನ” ಎಂದ.

ಅವನ ಮಾತಿನಲ್ಲಿ ಹುರುಳಿತ್ತು. ಆ ಆಟಗಾರರಿಗೆ ಸಂಘವಿದೆ. ಆದಾಯದಲ್ಲಿ ಕನಿಷ್ಠ 48 ಪಾಲು ಆಟಗಾರರದ್ದೆಂದು 2020ರ ಒಪ್ಪಂದದಲ್ಲಿ ಬರೆಸಿಕೊಂಡಿದ್ದಾರೆ. ಸಂಬಳದ ಮಿತಿ ಹುಟ್ಟುವುದೇ ಆ ಪಾಲಿನಿಂದ. ಸತ್ತ ಹಣವೆಂದು ಅಭಿಮಾನಿಗಳು ಹಲ್ಲು ಕಡಿಯುವ ಮೊತ್ತ ಬದುಕಿರುವ ಒಬ್ಬ ಆಟಗಾರನ ಕೈಸೇರಿದ ಹಣ. ಅವನನ್ನು ಸುಮ್ಮನೆ ಕಿತ್ತೆಸೆಯದಂತೆ ತಡೆಯುವ ಒಂದು ಅಡ್ಡಗಟ್ಟೆ. ಕಚೇರಿಯಲ್ಲಿ ದುಡಿಯುವವನಿಗೆ ಅಂಥ ಅಡ್ಡಗಟ್ಟೆ ಇಲ್ಲ. ಆ ತರುಣನಿಗೆ 51ನೇ ದಿನ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತೆಂದು ಆಮೇಲೆ ತಿಳಿಯಿತು. ಮನೆ ಖಾಲಿ ಮಾಡಿ ಹೊರಟರು. ಅವನ ಡೆನ್ವರ್ ಟೋಪಿಯನ್ನು ಮೊಮ್ಮಗನಿಗೆ ಕೊಟ್ಟು ಹೋದ.

ಇಷ್ಟಾದರೂ ನನ್ನೊಳಗಿನ ಗಣಿತದ ಮೇಷ್ಟರಿಗೆ ಒಂದು ಅನುಮಾನ ಉಳಿದಿತ್ತು. ಮೇ ತಿಂಗಳಲ್ಲಿ ನೋಟ್‌ಬುಕ್ ಹಿಡಿದು ಕೂತೆ. ತಂಡದಲ್ಲಿ ಆಗ 90 ಜನರಿರಲು ಅವಕಾಶ. ಆಗಸ್ಟ್ ಕೊನೆಗೆ ಅದನ್ನು 53ಕ್ಕೆ ಇಳಿಸಬೇಕು. ಆದರೆ ಹುಡುಗನ ಪಟ್ಟಿ 51ಕ್ಕೇ ನಿಂತಿತ್ತು.

“ಉಳಿದ 39 ಜನ ಎಲ್ಲೋ?”

“ಅವರು ಲೆಕ್ಕಕ್ಕೆ ಬರಲ್ಲ ತಾತ.”

“ಹಾಗಂದರೆ?”

“ರೂಲ್ ಇದೆ. ಮಾರ್ಚ್‌ನಿಂದ ಸೀಸನ್ ಶುರುವಾಗೋವರೆಗೂ ಜಾಸ್ತಿ ಸಂಬಳದ 51 ಜನರದ್ದು ಮಾತ್ರ ಎಣಿಸೋದು. ಬಾಕಿಯವರ ಸಂಬಳ ಕ್ಯಾಪ್‌ನಲ್ಲಿ ಇಲ್ಲ.”

ನಿಯಮ ನಿಜವೇ. ಮೇಲಿನವನೊಬ್ಬನನ್ನು ಬಿಟ್ಟಾಗ 52ನೆಯವನು ಒಂದು ಮೆಟ್ಟಿಲು ಹತ್ತಿ ಲೆಕ್ಕದೊಳಕ್ಕೆ ಬರುತ್ತಾನೆ. ಆಗ ಉಳಿತಾಯದಲ್ಲಿ ಅವನ ಸಂಬಳದಷ್ಟು ಕಳೆಯಬೇಕು. ಹುಡುಗನ ಪುಸ್ತಕದಲ್ಲಿ ಆ ಕಳೆಯುವ ಸಂಖ್ಯೆಗೆ ಒಂದು ಸಾಲಿತ್ತು, ಹೆಸರಿರಲಿಲ್ಲ. ಸಿಮನ್ಸ್ ಬಗ್ಗೆ ವಾದಿಸಿದವರು ನೂರು ಜನ. ಆ ಹೆಸರಿಲ್ಲದ ಸಾಲಿನ ಬಗ್ಗೆ ನಾನಿದ್ದ ಆರು ತಿಂಗಳಲ್ಲಿ ಒಬ್ಬರೂ ಬಾಯಿ ಬಿಟ್ಟದ್ದು ಕೇಳಲಿಲ್ಲ. ಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆ ಹುಟ್ಟುವುದು ಎಷ್ಟೋ ಪಡೆಯುವವನ ವಿಷಯದಲ್ಲಿ. ಅವನಿಗೆ ಸತ್ತ ಹಣದ ಅಡ್ಡಗಟ್ಟೆಯಿದೆ, ಅಭಿಮಾನಿಯ ಅಂಗಿಯ ಬೆನ್ನ ಮೇಲೆ ಹೆಸರಿದೆ. ಕೆಳಗಿನವನನ್ನು ಬಿಟ್ಟರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ನಾವು ಚಿಕ್ಕವರಿದ್ದಾಗ ಗೋಲಿ, ಬುಗುರಿ ಆಡುವಾಗ ತೀರ ಪುಟ್ಟ ಹುಡುಗರು ಹಟ ಮಾಡಿದರೆ, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದೆವು. ಈ ದೈತ್ಯ ದೇಹದ ತರುಣರು ಹಾಗೆ ಆಟದಲ್ಲಿದ್ದಾರೆ.

ಪ್ರತಿ ತಂಡದಲ್ಲೂ 37 ಜನ. 32 ತಂಡ. ಗುಣಿಸಿದರೆ 1,184. ಆಗಸ್ಟಿನ ಕೊನೆಯಲ್ಲಿ ಎರಡು ಮೂರು ದಿನದಲ್ಲಿ ಹೆಚ್ಚುಕಡಿಮೆ ಅಷ್ಟು ಜನರ ಹೆಸರು ಪಟ್ಟಿಯಿಂದ ಇಳಿಯುತ್ತದೆ. ಗಾಯಗೊಂಡ ಕೆಲವರು ಬೇರೆ ಪಟ್ಟಿಗೆ ಹೋಗುತ್ತಾರೆ. ತಂಡಕ್ಕೆ ಹದಿನಾರರಂತೆ ಅಭ್ಯಾಸದ ಪಡೆಗೆ ಮರಳಿ ಸೇರುವವರುಂಟು. ಉಳಿದವರು ಊರಿಗೆ. ಸುದ್ದಿ ತರುವ ತಂಡದ ನೌಕರನಿಗೆ ಆಟಗಾರರು ಇಟ್ಟಿರುವ ಅಡ್ಡಹೆಸರು ‘ಟರ್ಕ್’. ಅವನು ಬಂದು, ಕೋಚ್ ಕರೆಯುತ್ತಿದ್ದಾರೆ, ಆಟದ ತಂತ್ರಗಳ ಪುಸ್ತಕ ತೆಗೆದುಕೊಂಡು ಬಾ ಎನ್ನುತ್ತಾನೆ. ಪುಸ್ತಕ ತಾ ಎಂದರೆ ಮುಗಿಯಿತು. ಹೊಸಬರ ಕನಿಷ್ಠ ಸಂಬಳ 2024ರಲ್ಲಿ 7.95 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಆರೂವರೆ ಕೋಟಿ ರೂಪಾಯಿಗೂ ಹೆಚ್ಚು. ಆದರೆ ಅದು ಹಂಗಾಮಿನ ವಾರಗಳ ಲೆಕ್ಕದಲ್ಲಿ ದಕ್ಕುವುದು. ಆಗಸ್ಟಿನಲ್ಲೇ ಹೊರಬಿದ್ದವನಿಗೆ ಅದರಲ್ಲಿ ಒಂದು ವಾರದ್ದೂ ಇಲ್ಲ.

ಕರ್ಟ್ ವಾರ್ನರ್ 1994ರಲ್ಲಿ ಗ್ರೀನ್ ಬೇ ತಂಡದ ಶಿಬಿರದಿಂದ ಹೀಗೆ ಹೊರಬಿದ್ದವನು. ಐಯೋವ ರಾಜ್ಯದ ಒಂದು ದಿನಸಿ ಅಂಗಡಿಯಲ್ಲಿ ಗಂಟೆಗೆ ಐದೂವರೆ ಡಾಲರಿಗೆ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸಿದ. ಸುಮಾರು ಐದೂವರೆ ವರ್ಷದ ಮೇಲೆ, 2000ದ ಜನವರಿಯಲ್ಲಿ, ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನಾದ. ಡೆನ್ವರಿನ ರಾಡ್ ಸ್ಮಿತ್‌ನನ್ನೂ 1994ರ ಆಯ್ಕೆಯಲ್ಲಿ ಒಂದು ತಂಡವೂ ಆರಿಸಿರಲಿಲ್ಲ. ಚೆಂಡು ಹಿಡಿದು 11,389 ಗಜ ಮುಂದೆ ಸಾಗಿಸಿ ಅವನು ಆ ತಂಡದ ದಾಖಲೆ ಬರೆದ. ಶಿಬಿರಕ್ಕೆ ಬರುವ ಪ್ರತಿ ಹುಡುಗನ ತಂದೆತಾಯಿಗೂ ಈ ಇಬ್ಬರ ಕಥೆ ಗೊತ್ತಿರುತ್ತದೆ. 1,184ಕ್ಕೆ ಇಂಥವರು ಎಷ್ಟು ಮಂದಿ ಎಂಬ ಭಾಗಾಕಾರವನ್ನು ಯಾರೂ ಮಾಡಿ ತೋರಿಸುವುದಿಲ್ಲ. ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ, ಅಕಾಡೆಮಿಗೆ ಸೇರಿಸಿ ಗೋಡೆಗೆ ದೊಡ್ಡವರ ಚಿತ್ರ ಅಂಟಿಸುವ ನಮ್ಮೂರಿನ ತಂದೆತಾಯಿಗಳೂ ಮಾಡುವುದಿಲ್ಲ.

ನಮ್ಮಲ್ಲೂ ಈ ಲೆಕ್ಕ ಬಂದಾಗಿದೆ. 2025ರ ಐಪಿಎಲ್ ಹರಾಜಿಗೆ ತಂಡಕ್ಕೆ 120 ಕೋಟಿ ರೂಪಾಯಿಯ ಚೀಲ. ಬೆಂಗಳೂರು ತಂಡ ಕೊಹ್ಲಿಯನ್ನು 21 ಕೋಟಿಗೆ ಉಳಿಸಿಕೊಂಡು ಸಿರಾಜ್‌ನನ್ನು ಬಿಟ್ಟಾಗ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ನಡೆದ ಚರ್ಚೆ ಡೆನ್ವರಿನ ಬೇಲಿಯ ಪಕ್ಕದ ಚರ್ಚೆಗೆ ಒಂದಿಷ್ಟೂ ಕಡಿಮೆಯಿರಲಿಲ್ಲ. ಮರುವರ್ಷ ಕಪ್ ಬಂದ ಮೇಲೆ ಎಲ್ಲರೂ ತಾವು ಹೇಳಿದ್ದೇ ಸರಿಯಾಯಿತು ಎಂದರು. ಡೆನ್ವರಿನವರೂ ಹಾಗೆಯೇ. 8.5 ಕೋಟಿ ಡಾಲರ್ ಸತ್ತ ಹಣ ಹೊತ್ತುಕೊಂಡೇ, ಬೋ ನಿಕ್ಸ್ ಎಂಬ ಹೊಸ ಹುಡುಗನನ್ನು ಮುಂದಿಟ್ಟುಕೊಂಡು ಆ ತಂಡ 2024ರ ಹಂಗಾಮಿನಲ್ಲಿ ಹತ್ತು ಪಂದ್ಯ ಗೆದ್ದು, ಒಂಬತ್ತು ವರ್ಷದಲ್ಲಿ ಮೊದಲ ಸಲ ನಾಕೌಟ್ ಸುತ್ತಿಗೆ ಹೋಯಿತು. ಎಂಟು ವರ್ಷ ಅದಕ್ಕಾಗಿ ಕಾದ ಸಿಮನ್ಸ್ ಅಷ್ಟರಲ್ಲಿ ಅಟ್ಲಾಂಟಾದಲ್ಲಿದ್ದ.

ನಾನು ಜುಲೈನಲ್ಲಿ ಊರಿಗೆ ಬಂದೆ. ಆಗಸ್ಟ್ 27 ಆ ವರ್ಷದ ಕೊನೆಯ ಕಡಿತದ ದಿನ. ಮರುದಿನ ನಮ್ಮ ಬೆಳಗಿನ ಹೊತ್ತಿಗೆ ಮೊಮ್ಮಗನ ಫೋನು ಬಂತು. ತಂಡ ನಿಗದಿಯಾಯಿತು, ಯಾರು ಯಾರು ಉಳಿದರು ಎಂದು ಉತ್ಸಾಹದಿಂದ ಶುರುಮಾಡಿದ.

“ಹೋದವರ ಪಟ್ಟಿ ಇದೆಯೇನೋ?” ಎಂದೆ.

“ಇದೆ. ಆದ್ರೆ ಅವರ್ಯಾರೂ ನಿಮಗೆ ಗೊತ್ತಿಲ್ಲ ತಾತ. ನನಗೂ ಅರ್ಧ ಜನ ಗೊತ್ತಿಲ್ಲ.”

“ಪರವಾಗಿಲ್ಲ, ಓದು.”

ಓದಿದ. ಹೆಸರು, ಆಡುವ ಜಾಗ, ಓದಿದ ಕಾಲೇಜು. ಕೆಲವು ಹೆಸರುಗಳನ್ನು ಉಚ್ಚರಿಸಲು ಅವನಿಗೂ ಬರಲಿಲ್ಲ, ಅಕ್ಷರ ಅಕ್ಷರ ಕೂಡಿಸಿ ಹೇಳಿದ. ನಾಲ್ಕು ನಿಮಿಷ ಹಿಡಿಯಿತು.